ಎಣ್ಣೆ ಹಚ್ಚಿದರೆ ತಲೆಹೊಟ್ಟು ಹೋಗುತ್ತಾ ಡಾಕ್ಟ್ರೇ?

ಓದುಗರ ಪ್ರಶ್ನೆ, ಚರ್ಮವೈದ್ಯೆಯ ಉತ್ತರ

ಚಳಿ ಶುರುವಾದರೆ ಸಾಕು, ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ತಲೆ ಮೇಲೆ ಬಂದು ಕೂರುತ್ತವೆ. ಈ ಸಲವೂ ಅದೇ ಕಥೆ. ವಿಜಯನಗರದಿಂದ ವೈಟ್‌ಫೀಲ್ಡ್‌ವರೆಗೆ ಊರಿಗೆ ಊರೇ ತಲೆ ಕೆರೆದುಕೊಳ್ಳುತ್ತಿದೆ. ಎಲ್ಲರದೂ ಒಂದೇ ಪ್ರಶ್ನೆ: 'ಮನೆಯಲ್ಲೇ ಏನಾದರೂ ಮಾಡಬಹುದಾ?' ಖಂಡಿತ ಮಾಡಬಹುದು. ಆದರೆ ತಲೆ ಯಾಕೆ ಕಡಿಯುತ್ತಿದೆ ಅಂತ ನೋಡದೆ ಕೈಗೆ ಸಿಕ್ಕಿದ್ದನ್ನು ಹಚ್ಚುವವರೇ ಜಾಸ್ತಿ. ಹೇನಿಗೆ ಹೊಟ್ಟಿನ ಶಾಂಪೂ, ಹೊಟ್ಟಿಗೆ ಎಣ್ಣೆ, ಡೈ ಅಲರ್ಜಿಗೆ ಮೆಂತ್ಯ. ಮೆಂತ್ಯ ಪಾಪ ಏನು ತಪ್ಪು ಮಾಡಿತ್ತು!

ಪ್ರಶ್ನೆ: ನನಗೆ 34 ವರ್ಷ. ಮೂರ್ನಾಲ್ಕು ವರ್ಷದಿಂದ ತಲೆಹೊಟ್ಟು, ವಿಪರೀತ ನವೆ. ನಮ್ಮತ್ತೆ ಪ್ರತಿ ಶುಕ್ರವಾರ ರಾತ್ರಿ ಹರಳೆಣ್ಣೆ, ಕೊಬ್ಬರಿ ಎಣ್ಣೆ ಬೆರೆಸಿ ಬಿಸಿ ಮಾಡಿ ನೆತ್ತಿಗೆ ತಟ್ಟುತ್ತಾರೆ. ಶನಿವಾರ ಬೆಳಗ್ಗೆ ಸೀಗೆಪುಡಿ ಸ್ನಾನ. ಆ ದಿನ ಹಾಯಾಗಿರುತ್ತೆ, ಸೋಮವಾರ ಕಪ್ಪು ಕುರ್ತಾ ಹಾಕಿಕೊಂಡು ಆಫೀಸಿಗೆ ಹೋಗೋ ಹಾಗಿಲ್ಲ. ನಿಂಬೆರಸ, ಹುಳಿಮೊಸರು, ಈರುಳ್ಳಿ ರಸ ಎಲ್ಲಾ ಆಯ್ತು. ಮೆಡಿಕಲ್ ಶಾಪಿನ ಶಾಂಪೂ ತಂದರೆ ಹಾಕುವಷ್ಟು ದಿನ ಹೋಗುತ್ತೆ, ಬಿಟ್ಟರೆ ವಾಪಸ್. ಎಣ್ಣೆ ಬೇಡ ಅಂದ್ರೆ ಅತ್ತೆ ಬೇಜಾರು ಮಾಡ್ಕೋತಾರೆ.
(ಹೆಸರು ಬೇಡ, ವಿಜಯನಗರ)

ಉತ್ತರ: ಮೊದಲು ಒಂದು ಚಿಕ್ಕ ಕೆಲಸ ಮಾಡಿ. ಕಪ್ಪು ಕಾಗದವೋ ಕಪ್ಪು ವೇಲೋ ಹಾಸಿ, ಅದರ ಮೇಲೆ ತಲೆ ಬಗ್ಗಿಸಿ ಬಾಚಿ. ಬಿದ್ದ ಹೊಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ. ಪುಡಿಪುಡಿಯಾಗಿ, ಬಿಳಿಯಾಗಿ, ಊದಿದರೆ ಹಾರಿಹೋಗುವ ಹಾಗಿದ್ದರೆ ಅದು ಬಹುಮಟ್ಟಿಗೆ ಒಣ ಚರ್ಮದ್ದು. ಸ್ವಲ್ಪ ಹಳದಿ, ಜಿಡ್ಡು ಜಿಡ್ಡು, ಬೆರಳಿಗೆ ಅಂಟುವ ಪದರವಾದರೆ ಅದು ನಿಜವಾದ ಹೊಟ್ಟು. ಆಮೇಲೆ ಕನ್ನಡಿ ಮುಂದೆ ನಿಂತು ಹುಬ್ಬಿನೊಳಗೆ, ಮೂಗಿನ ಎರಡು ಪಕ್ಕ, ಕಿವಿ ಹಿಂದೆ ನೋಡಿಕೊಳ್ಳಿ. ಅಲ್ಲೂ ಕೆಂಪಾಗಿ ಸಿಪ್ಪೆ ಏಳುತ್ತಿದ್ದರೆ ಅನುಮಾನವೇ ಬೇಡ. ಇದಕ್ಕೆ ನಾವು ಸೆಬೊರಿಕ್ ಡರ್ಮಟೈಟಿಸ್ ಅನ್ನುತ್ತೇವೆ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮದು ಈ ಎರಡನೇ ಜಾತಿಯದೇ.

ಇದರ ಮೂಲದಲ್ಲಿರುವುದು ಮಲಸೀಜಿಯಾ ಎಂಬ ಶಿಲೀಂಧ್ರ. ಲೂಯಿ ಶಾರ್ಲ್ ಮಲಸೇ ಎಂಬ ಫ್ರೆಂಚ್ ವಿಜ್ಞಾನಿಯ ಹೆಸರಿನಿಂದ ಬಂದದ್ದು. ಇದು ಎಲ್ಲೋ ಹೊರಗಿಂದ ಅಂಟಿದ್ದಲ್ಲ, ಕೊಳಕಿನಿಂದ ಬಂದದ್ದೂ ಅಲ್ಲ. ನಿಮ್ಮತ್ತೆಯ ತಲೆಯಲ್ಲೂ ಇದೆ, ನನ್ನ ತಲೆಯಲ್ಲೂ ಇದೆ. ನೆತ್ತಿಯ ಚರ್ಮ ಸುರಿಸುವ ಜಿಡ್ಡೇ ಅದರ ಊಟ. ಆ ಜಿಡ್ಡನ್ನು ಒಡೆದು ತನಗೆ ಬೇಕಾದ್ದನ್ನು ತಿಂದು, ಒಲಿಯಿಕ್ ಆಮ್ಲದಂಥ ಕೊಬ್ಬಿನಾಮ್ಲಗಳನ್ನು ಚರ್ಮದ ಮೇಲೇ ಬಿಡುತ್ತದೆ. ಕೆಲವರ ಚರ್ಮ ಅದನ್ನು ಸಹಿಸುತ್ತದೆ, ಕೆಲವರದು ಸಹಿಸುವುದಿಲ್ಲ: ಕೆಂಪಾಗುತ್ತದೆ, ನವೆ ಶುರುವಾಗುತ್ತದೆ, ಸಾಮಾನ್ಯವಾಗಿ ಸುಮಾರು ಒಂದು ತಿಂಗಳಿಗೆ ಒಮ್ಮೆ ಸದ್ದಿಲ್ಲದೆ ಉದುರಬೇಕಾದ ಮೇಲ್ಪದರ ಅವಸರ ಅವಸರವಾಗಿ ಗುಂಪುಗುಂಪಾಗಿ ಉದುರುತ್ತದೆ.

ಈಗ ಎಣ್ಣೆಯ ವಿಚಾರಕ್ಕೆ ಬರೋಣ. ಮಲಸೀಜಿಯಾ ಬದುಕುವುದೇ ಕೊಬ್ಬಿನ ಮೇಲೆ. ರಾತ್ರಿಯಿಡೀ ನೆತ್ತಿಯಲ್ಲಿ ಎಣ್ಣೆ ನಿಲ್ಲಿಸಿದರೆ ಅದಕ್ಕೆ ಕರೆದು ಬಡಿಸಿದ ಹಾಗಾಯಿತು. ದುಡ್ಡು ಕೊಟ್ಟು ತರುವ ಬಾದಾಮಿ ಎಣ್ಣೆ, ಆಲಿವ್ ಎಣ್ಣೆಗಳಲ್ಲಂತೂ ಮೇಲೆ ಹೇಳಿದ ಒಲಿಯಿಕ್ ಆಮ್ಲವೇ ಹೆಚ್ಚಿನ ಪಾಲು. ಹಚ್ಚಿದ ದಿನ ಹಾಯೆನಿಸುವುದು ಸುಳ್ಳಲ್ಲ. ಎಣ್ಣೆ ಹೊಟ್ಟನ್ನು ಮೆತ್ತಗೆ ಮಾಡಿ ತಲೆಗೇ ಅಂಟಿಸಿರುತ್ತದೆ, ಅದಕ್ಕೇ ಉದುರುವುದು ಕಾಣುವುದಿಲ್ಲ. ಸೋಮವಾರ ಕುರ್ತಾ ಮೇಲೆ ಲೆಕ್ಕ ಒಪ್ಪಿಸುತ್ತದೆ.

ಅತ್ತೆಯವರ ಮನಸ್ಸು ನೋಯಿಸಬೇಕಾಗಿಲ್ಲ. ಎಣ್ಣೆ ಕೂದಲಿಗೆ ಹಚ್ಚಲಿ, ಬುಡಕ್ಕೆ ಬೇಡ. ಕಿವಿಯ ಮಟ್ಟದಿಂದ ಕೆಳಗೆ ಎಷ್ಟು ಬೇಕಾದರೂ ತಟ್ಟಲಿ. ನೆತ್ತಿಗೇ ಹಚ್ಚಬೇಕು ಅಂತ ಹಟ ಹಿಡಿದರೆ ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಹಚ್ಚಿ ಪೂರ್ತಿ ತೊಳೆಯಿರಿ. ಹೊಟ್ಟು ಹಿಡಿತಕ್ಕೆ ಬರುವತನಕ ಅದೂ ಬೇಡ ಎಂದು ಡಾಕ್ಟರು ಬರೆದಿದ್ದಾರೆ ಅಂತ ಈ ಪುಟ ತೋರಿಸಿ. ಬೈಸಿಕೊಳ್ಳುವುದಕ್ಕೆ ನಾನಿದ್ದೇನೆ.

ಶಾಂಪೂ ಸೋತಿಲ್ಲ, ಅದಕ್ಕೆ ಸಮಯ ಸಿಕ್ಕಿಲ್ಲ, ಅಷ್ಟೇ. ನನ್ನ ಕ್ಲಿನಿಕ್ಕಿಗೆ ಬರುವವರನ್ನು 'ಎಷ್ಟು ಹೊತ್ತು ಬಿಡುತ್ತೀರಿ?' ಎಂದರೆ ಮುಖ ಮುಖ ನೋಡುತ್ತಾರೆ. ಹಚ್ಚಿದ್ದೇ ನೀರು ಹುಯ್ದುಕೊಂಡರೆ ಔಷಧಿ ಚರಂಡಿಗೆ ಹೋಗುತ್ತದೆ. ಶಿಲೀಂಧ್ರ ಕೊಲ್ಲುವ ಔಷಧಿಯಾದ ಕೀಟೋಕೊನಜೋಲ್ 2% ಇರುವ ಶಾಂಪೂ ತನ್ನಿ. ಎಣ್ಣೆ ಇದ್ದರೆ ಮೊದಲು ಮಾಮೂಲಿ ಶಾಂಪೂವಿನಿಂದ ಜಿಡ್ಡು ತೆಗೆಯಿರಿ. ಆಮೇಲೆ ಬೈತಲೆ ಬೈತಲೆ ಬಿಡಿಸುತ್ತಾ, ಉಗುರು ತಾಕಿಸದೆ ಬೆರಳ ತುದಿಯಿಂದ ಬುಡಕ್ಕೆ ಹಚ್ಚಿ. ಕೂದಲಿಗೆ ನೊರೆ ಬರಿಸುವುದು ಮುಖ್ಯವಲ್ಲ, ಚರ್ಮಕ್ಕೆ ತಾಗಬೇಕು. ಐದು ನಿಮಿಷ ಬಿಡಿ. ಅಷ್ಟರಲ್ಲಿ ಮೈ ತೊಳೆದುಕೊಳ್ಳಿ. ಹುಬ್ಬು, ಕಿವಿ ಹಿಂದೆಯೂ ಅದೇ ನೊರೆ ಸವರಿ, ಕಣ್ಣಿಗೆ ಹೋಗದಂತೆ ನೋಡಿಕೊಳ್ಳಿ. ವಾರಕ್ಕೆ ಎರಡು ಸಲ, ನಾಲ್ಕು ವಾರ. ಆಮೇಲೆ ಪೂರ್ತಿ ನಿಲ್ಲಿಸಬೇಡಿ: ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಹಾಕುತ್ತಿರಿ. ಇದು ಬುಡಸಮೇತ ಹೋಗುವ ಕಾಯಿಲೆ ಅಲ್ಲ, ಹದ್ದುಬಸ್ತಿನಲ್ಲಿ ಇಟ್ಟುಕೊಳ್ಳುವಂಥದ್ದು. ಜಿಂಕ್ ಪೈರಿಥಿಯೋನ್ ಅಥವಾ ಸೆಲೆನಿಯಂ ಸಲ್ಫೈಡ್ ಇರುವ ಶಾಂಪೂಗಳೂ ಕೆಲಸ ಮಾಡುತ್ತವೆ. ಪದರ ತುಂಬ ದಪ್ಪ ಕಟ್ಟಿದ್ದರೆ ಸ್ಯಾಲಿಸಿಲಿಕ್ ಆಮ್ಲ ಇರುವುದು ಸಹಾಯ ಮಾಡುತ್ತದೆ. ಗರ್ಭಿಣಿಯಾಗಿದ್ದರೆ ಕೇಳದೆ ಯಾವುದನ್ನೂ ಶುರು ಮಾಡಬೇಡಿ.

ಅಡುಗೆಮನೆ ಔಷಧಿಗಳ ಪೈಕಿ ಮೊಸರಿನಿಂದ ತೊಂದರೆ ಇಲ್ಲ. ತಂಪೆನಿಸುತ್ತದೆ, ಚೆನ್ನಾಗಿ ತೊಳೆಯದಿದ್ದರೆ ವಾಸನೆ ಹೊಡೆಯುತ್ತದೆ. ಅದರಿಂದ ಹೊಟ್ಟು ವಾಸಿಯಾಗುವುದಿಲ್ಲ. ನೆನೆಸಿ ರುಬ್ಬಿದ ಮೆಂತ್ಯದ ಲೋಳೆಯದೂ ಅದೇ ಕಥೆ. ಸಿಪ್ಪೆ ತಲೆಯಲ್ಲಿ ಉಳಿದು ಒಣಗಿದರೆ ಹೊಟ್ಟಿಗೆ ಇನ್ನೊಂದು ಹೊಟ್ಟು ಸೇರುತ್ತದೆ. ನಿಂಬೆರಸ ಬೇಡವೇ ಬೇಡ. ಅದರ ಪಿಎಚ್ ಸುಮಾರು 2, ಅಂದರೆ ಕಟುವಾದ ಆಮ್ಲ, ಕೆರೆದು ಗಾಯವಾದ ತಲೆಗೆ ಅದು ಬೆಂಕಿ. ಹಣೆ ಮೇಲೆ ಇಳಿದ ರಸದ ಜೊತೆ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಹಸಿ ಈರುಳ್ಳಿ, ಬೆಳ್ಳುಳ್ಳಿ ರಸ, ಅಡುಗೆ ಸೋಡಾ ಇವನ್ನೂ ಅಡುಗೆಗೇ ಬಿಡಿ.

ಲೋಳೆಸರ ಹಚ್ಚಬಹುದು, ಆದರೆ ಹಚ್ಚುವ ರೀತಿ ಬಹಳ ಜನಕ್ಕೆ ಗೊತ್ತಿಲ್ಲ. ಕುಂಡದಿಂದ ಎಲೆ ಕುಯ್ದ ತಕ್ಷಣ ಬುಡದಲ್ಲಿ ಹಳದಿ ರಸ ಜಿನುಗುತ್ತದೆ. ಅದು ಚರ್ಮಕ್ಕೆ ಉರಿ. ಎಲೆಯನ್ನು ಬುಡ ಕೆಳಗಾಗಿ ಒಂದು ಲೋಟದಲ್ಲಿ ನಿಲ್ಲಿಸಿ, ಹಳದಿ ಪೂರ್ತಿ ಸೋರಿದ ಮೇಲೆ ತೊಳೆದು, ಸಿಪ್ಪೆ ದಪ್ಪಗೆ ಹೆರೆದು ಒಳಗಿನ ಗಾಜಿನಂಥ ತಿರುಳು ಮಾತ್ರ ತೆಗೆದುಕೊಳ್ಳಿ. ಶಾಂಪೂ ಹಾಕದ ದಿನ ಇಪ್ಪತ್ತು ನಿಮಿಷ ಹಚ್ಚಿ ತೊಳೆದರೆ ನವೆ ತಗ್ಗುತ್ತದೆ.

ಶಾಂಪೂ ಕ್ರಮವಾಗಿ ನಾಲ್ಕು ವಾರ ಹಾಕಿದರೂ ಬಗ್ಗದಿದ್ದರೆ, ಬೆಳ್ಳಿ ಬಣ್ಣದ ದಪ್ಪ ಪದರ ಕೂದಲಂಚು ದಾಟಿ ಹಣೆಗೆ ಬಂದರೆ, ಮೊಣಕೈ ಮೊಣಕಾಲಿನಲ್ಲೂ ಅಂಥದೇ ಕಂಡರೆ ಅದು ಸೋರಿಯಾಸಿಸ್ ಇರಬಹುದು. ಆಗ ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಮೇಡಂ, ನಾನು ಹಾಸನದವನು. ಕೆಲಸಕ್ಕೆಂದು ವೈಟ್‌ಫೀಲ್ಡ್ ಕಡೆ ಫ್ಲಾಟಿಗೆ ಬಂದ ಮೇಲೆ ತಲೆ ಒಣಗಿ ಬಿಗಿದ ಹಾಗಾಗಿ ಕಡಿಯುತ್ತದೆ. ನಮ್ಮದು ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು, ಬಕೆಟ್ ತುಂಬಾ ಬಿಳಿ ಕಲೆ. ಶವರ್‌ಗೆ ಫಿಲ್ಟರ್ ಹಾಕಿಸಿದೆ, ಏನೂ ವ್ಯತ್ಯಾಸ ಇಲ್ಲ. ಕೂದಲೂ ಉದುರುತ್ತಿದೆ. ಊರಿಗೆ ಹೋದರೆ ಸರಿ ಹೋಗುತ್ತೆ. ಬೆಂಗಳೂರಿನ ನೀರೇ ಕಾರಣ ಅಲ್ವಾ?
(ಎಸ್., ವೈಟ್‌ಫೀಲ್ಡ್)

ಉತ್ತರ: 'ಬೆಂಗಳೂರಿನ ನೀರು' ಅಂತ ಒಂದು ನೀರಿಲ್ಲ, ಎರಡಿವೆ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಪಂಪಾಗಿ ಬರುವ ಕಾವೇರಿ ಒಂದು, ನೆಲದಡಿಯ ಬಂಡೆಯಿಂದ ಎತ್ತುವ ಬೋರ್ ನೀರು ಇನ್ನೊಂದು. ಎರಡನೆಯದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಮಾನ್ಯವಾಗಿ ಹೆಚ್ಚು. ನಿಮ್ಮ ಬಕೆಟಿನ ಬಿಳಿ ಕಲೆ ಅದೇ. ನೀರಿನಲ್ಲಿ ಇವು ಹೆಚ್ಚಿರುವುದನ್ನೇ ಗಡಸುತನ ಅನ್ನುವುದು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು ಎಂದಿದೆ. ನಿಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್‌ನವರ ಹತ್ತಿರ ನೀರಿನ ಲ್ಯಾಬ್ ವರದಿ ಕೇಳಿ. ಟಿಡಿಎಸ್ ಮೀಟರ್ ಅದ್ದಿ ತೋರಿಸಿದರೆ ಒಪ್ಪಬೇಡಿ. ಅದು ಕರಗಿರುವ ಲವಣವೆಲ್ಲ ಸೇರಿಸಿ ಎಷ್ಟಿದೆ ಎನ್ನುತ್ತದೆ, ಗಡಸುತನ ಎಷ್ಟು ಅಂತ ಬೇರೆ ಮಾಡಿ ಹೇಳುವುದಿಲ್ಲ.

ಗಡಸು ನೀರಿಗೆ ಸೋಪು ಸೇರಿದರೆ ಕರಗದ ಕೆನೆಯೊಂದು ಹುಟ್ಟಿ ತಲೆ ಮೇಲೆ ಕೂರುತ್ತದೆ. ಗಂಡಸರಲ್ಲಿ ಮೈಗೆ ಹಚ್ಚುವ ಸೋಪನ್ನೇ ತಲೆಗೂ ತಿಕ್ಕಿಕೊಳ್ಳುವವರು ಈಗಲೂ ಕಮ್ಮಿ ಇಲ್ಲ. ನೀವೂ ಆ ಪೈಕಿಯಾದರೆ ಇವತ್ತೇ ಬಿಡಿ. ಶಾಂಪೂ ಇಷ್ಟು ಕೆನೆಗಟ್ಟುವುದಿಲ್ಲ. ಮೃದುವಾದ ಶಾಂಪೂ ವಾರಕ್ಕೆ ಎರಡು ಮೂರು ಸಲ ಸಾಕು. ಗೀಸರ್ ನೀರು ಹೊಗೆಯಾಡುವಷ್ಟು ಬಿಸಿ ಬೇಡ. ಕೊನೆಗೆ ಒಂದು ಚೊಂಬು ಅಡುಗೆಮನೆಯ ಆರ್‌ಓ ನೀರು ನೆತ್ತಿಗೆ ಹುಯ್ದುಕೊಳ್ಳಿ. ಆರ್‌ಓ ಯಂತ್ರ ಹೊರಗೆ ಬಿಡುವ ನೀರನ್ನು ಬಕೆಟಿನಲ್ಲಿ ಹಿಡಿದು ಸ್ನಾನಕ್ಕೆ ಬಳಸುವ ಮನೆಗಳಿವೆ. ನೀರು ಉಳಿಸುವ ಬುದ್ಧಿ ಒಳ್ಳೆಯದೇ, ಆದರೆ ಅದು ಮೂಲ ನೀರಿಗಿಂತ ಹೆಚ್ಚು ಗಡಸು. ನೆಲ ಒರೆಸಿ, ಬಾತ್‌ರೂಮ್ ತೊಳೆಯಿರಿ, ತಲೆಗೆ ಬೇಡ.

ನಿಮ್ಮ ಫಿಲ್ಟರ್ ಯಾಕೆ ಕೆಲಸ ಮಾಡಲಿಲ್ಲ ಅಂದರೆ, ಶವರ್ ತಲೆಗೆ ತಿರುಗಿಸುವ ಪುಟ್ಟ ಡಬ್ಬಿಗಳು ಹೆಚ್ಚಾಗಿ ಕ್ಲೋರಿನ್ ಮತ್ತು ಮಣ್ಣು ಹಿಡಿಯುವಂಥವು. ಗಡಸುತನ ಇಳಿಸಬೇಕಾದರೆ ರೆಸಿನ್ ತುಂಬಿ, ಆಗಾಗ ಉಪ್ಪಿನ ನೀರಿನಿಂದ ತೊಳೆಯಬೇಕಾದ ಸಾಫ್ಟ್‌ನರ್ ಬೇಕು. ಅದು ಇಡೀ ಕಟ್ಟಡಕ್ಕೆ ಇದ್ದರೇ ಲೆಕ್ಕ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗಿದೆ, ನಗರಕ್ಕೆ ಆಮೇಲೆ ಸೇರಿದ ಹೊರವಲಯದ 110 ಹಳ್ಳಿಗಳ ಪ್ರದೇಶಕ್ಕೆಂದೇ ಮಾಡಿದ ಯೋಜನೆ. ನಿಮ್ಮ ಕಟ್ಟಡ ಸಂಪರ್ಕ ಪಡೆದಿದೆಯೋ ಇಲ್ಲವೋ ಮುಂದಿನ ಮೀಟಿಂಗಿನಲ್ಲಿ ಕೇಳಿ.

ನಿಮ್ಮ ಹೊಟ್ಟು ಒಣ ಪುಡಿಯಾಗಿದ್ದು, ಹುಬ್ಬು ಮೂಗಿನ ಬಳಿ ಏನೂ ಇಲ್ಲ ಎಂದಾದರೆ ವಿಜಯನಗರದವರಿಗೆ ಬೇಡ ಅಂದ ಕೊಬ್ಬರಿ ಎಣ್ಣೆ ನಿಮಗೆ ಆಗುತ್ತದೆ! ಒಂದು ಚಮಚ ಸಾಕು, ಸ್ನಾನಕ್ಕೆ ಒಂದು ಗಂಟೆ ಮುಂಚೆ.

ಕೂದಲು ಉದುರುವುದಕ್ಕೆ ಮಾತ್ರ ನೀರಿನ ಮೇಲೆ ಕೇಸು ಹಾಕಬೇಡಿ. ಗಡಸು ನೀರು ಕೂದಲನ್ನು ಒರಟು ಮಾಡುತ್ತದೆ. ಆದರೆ ಬುಡದಿಂದ ಉದುರಿಸುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಊರು ಬಿಟ್ಟು ಬಂದವರು ನಿದ್ದೆ ಬಿಟ್ಟಿರುತ್ತಾರೆ, ಊಟ ಕೆಟ್ಟಿರುತ್ತದೆ, ಜ್ವರ ಬಂದು ಹೋಗಿ ಎರಡು ಮೂರು ತಿಂಗಳಾಗಿರುತ್ತದೆ. ಅಪ್ಪನ ನೆತ್ತಿ ಯಾವ ವಯಸ್ಸಿಗೆ ಖಾಲಿಯಾಯಿತು ಅನ್ನುವುದನ್ನೂ ನೆನೆಸಿಕೊಳ್ಳಿ.

ಪ್ರಶ್ನೆ: ನಾಲ್ಕನೇ ಕ್ಲಾಸಿನ ಮಗಳಿಗೆ ಹೇನು. ಸ್ಕೂಲಿಂದ ಬಂದದ್ದು. ರಾತ್ರಿಯೆಲ್ಲ ಕೆರೆದು ಕತ್ತಿನ ಹಿಂದೆ ಹುಣ್ಣಾಗಿದೆ. ನಮ್ಮಮ್ಮ ಸೀತಾಫಲದ ಬೀಜ ಅರೆದು ಹಚ್ಚು ಅಂತಾರೆ, ಪಕ್ಕದ ಮನೆಯವರು ಕರ್ಪೂರ ಹಾಕಿದ ಎಣ್ಣೆ ಅಂತಾರೆ. ನಾಚಿಕೆಯಿಂದ ಯಾರಿಗೂ ಹೇಳಿಲ್ಲ.
(ಒಬ್ಬ ತಾಯಿ, ಯಲಹಂಕ)

ಉತ್ತರ: ಸೀತಾಫಲದ ಬೀಜ ಮನೆಯಿಂದ ಹೊರಗೆ ಹಾಕಿ, ಈಗಲೇ. ಅದು ಹೇನು ಕೊಲ್ಲುವುದು ನಿಜ. ಆದರೆ ಆ ಪುಡಿ ಒಂದು ಚೂರು ಕಣ್ಣಿಗೆ ಇಳಿದರೆ ಕಣ್ಣಿನ ಕರಿಗುಡ್ಡೆಯ ಮೇಲ್ಪದರವೇ ಸುಟ್ಟ ಹಾಗಾಗುತ್ತದೆ. ತಲೆ ತೊಳೆಯುವಾಗ ನೀರಿನ ಜೊತೆ ಇಳಿದೇ ಇಳಿಯುತ್ತದೆ. ಹೀಗೆ ಕಣ್ಣು ಕೆಂಡದುಂಡೆ ಮಾಡಿಕೊಂಡು ಕಣ್ಣಾಸ್ಪತ್ರೆಗೆ ಬಂದವರ ವರದಿಗಳು ನಮ್ಮ ದೇಶದಿಂದಲೇ ಬಂದಿವೆ. ಕರ್ಪೂರ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಚಿಕ್ಕ ಮಕ್ಕಳಿಗೆ ಫಿಟ್ಸ್ ತರಿಸಬಲ್ಲದು. ಸೀಮೆಎಣ್ಣೆ, ಜಿರಳೆ ಔಷಧಿಯ ಬಗ್ಗೆ ನೀವು ಕೇಳಿಲ್ಲ, ಕೇಳುವವರು ಇದ್ದಾರೆ ಅಂತ ಹೇಳುತ್ತಿದ್ದೇನೆ: ಬೇಡ.

ನಾಚಿಕೆ ಯಾಕಮ್ಮ? ಹೇನಿಗೆ ಕೊಳಕು ತಲೆ, ಚೊಕ್ಕ ತಲೆ ಎಂಬ ಭೇದ ಇಲ್ಲ. ಅದು ಹಾರುವುದಿಲ್ಲ, ನೆಗೆಯುವುದಿಲ್ಲ, ತಲೆಗೆ ತಲೆ ತಾಗಿದಾಗ ನಡೆದುಕೊಂಡು ಹೋಗುತ್ತದೆ. ಹೆಣ್ಣುಮಕ್ಕಳು ಒಂದೇ ಮೊಬೈಲಿಗೆ ತಲೆ ಕೂಡಿಸಿ ಕೂತರೆ ಸಾಕು. ಮೊದಲ ಸಲ ಹತ್ತಿದಾಗ ನವೆ ಶುರುವಾಗುವುದಕ್ಕೆ ನಾಲ್ಕರಿಂದ ಆರು ವಾರ ಹಿಡಿಯಬಹುದು. ಅಂದರೆ ನೀವು ಕಂಡುಹಿಡಿಯುವ ಹೊತ್ತಿಗೆ ಅಕ್ಕಪಕ್ಕ ಕೂರುವ ಮಕ್ಕಳಿಗೂ ಹೋಗಿರುತ್ತದೆ. ಕ್ಲಾಸ್ ಟೀಚರಿಗೆ ಹೇಳಿಬಿಡಿ, ಇಲ್ಲದಿದ್ದರೆ ನೀವು ತೆಗೆಯುವುದು, ಅವಳು ತರುವುದು ನಡೆಯುತ್ತಲೇ ಇರುತ್ತದೆ. ಸ್ಕೂಲು ಬಿಡಿಸಬೇಕಾಗಿಲ್ಲ.

ನಮ್ಮ ಅಜ್ಜಿಯರ ಕಾಲದ ಸೀರಣಿಗೆ ಇವತ್ತಿಗೂ ಒಳ್ಳೆಯ ಆಯುಧ. ಒದ್ದೆ ತಲೆಗೆ ಕಂಡೀಷನರ್ ದಂಡಿಯಾಗಿ ಹಚ್ಚಿ. ಒದ್ದೆಯಲ್ಲಿ ಹೇನು ಬೇಗ ಓಡಲಾರದು. ಮೊದಲು ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿ, ಆಮೇಲೆ ಕೂದಲನ್ನು ಸಣ್ಣ ಸಣ್ಣ ಎಳೆಯಾಗಿ ವಿಂಗಡಿಸಿ, ಸೀರಣಿಗೆಯನ್ನು ಚರ್ಮಕ್ಕೆ ತಾಗಿಸಿ ತುದಿವರೆಗೆ ಎಳೆಯಿರಿ. ಪ್ರತಿ ಸಲವೂ ಬಿಳಿ ಬಟ್ಟೆಗೆ ಒರೆಸಿ ನೋಡಿ. ಕಿವಿ ಹಿಂದೆ, ಕತ್ತಿನ ಮೇಲೆ ಜಾಸ್ತಿ ಹೊತ್ತು ಕೊಡಿ, ಅವುಗಳ ಮನೆ ಅಲ್ಲೇ. ಹೊಟ್ಟು ಊದಿದರೆ ಹಾರುತ್ತದೆ, ಸೀರು ಹಾರುವುದಿಲ್ಲ, ಎರಡು ಉಗುರಿನ ನಡುವೆ ಹಿಡಿದು ಎಳೆಯಬೇಕು. ಬುಡದಿಂದ ದೂರ ಇರುವ ಸೀರು ಹೆಚ್ಚಾಗಿ ಖಾಲಿ ಚಿಪ್ಪು, ಅದನ್ನು ಕಂಡು ಗಾಬರಿ ಬೇಡ. ಮೂರು ದಿನಕ್ಕೊಮ್ಮೆಯಂತೆ ಎರಡು ವಾರ ಬಿಡದೆ ಮಾಡಿ. ಸೀರು ಒಡೆದು ಮರಿ ಬರುವುದಕ್ಕೆ ಏಳರಿಂದ ಹತ್ತು ದಿನ ಬೇಕು, ಅದಕ್ಕೇ ಒಂದು ಭಾನುವಾರದ ಕೆಲಸ ಇದಲ್ಲ.

ಬಾಚಿ ಮುಗಿಯದಷ್ಟಿದ್ದರೆ 1% ಪರ್ಮೆಥ್ರಿನ್ ಲೋಶನ್ ಬಳಸಿ. ಕಂಡೀಷನರ್ ಹಾಕದೆ ತೊಳೆದು ಒರೆಸಿದ ಕೂದಲಿಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಒಂಬತ್ತನೇ ದಿನ ಇನ್ನೊಮ್ಮೆ. ಆ ಎರಡನೇ ಸಲ ಮರೆತವರದೇ ನನಗೆ ಮತ್ತೆ ಪತ್ರ ಬರುವುದು. ಮನೆಯವರೆಲ್ಲರ ತಲೆಯನ್ನೂ ಅದೇ ದಿನ ನೋಡಿ, ಅಜ್ಜಿಯ ಜಡೆ ಬಿಡಬೇಡಿ. ದಿಂಬಿನ ಹೊದಿಕೆ, ಟವಲು ಬಿಸಿನೀರಲ್ಲಿ ಒಗೆದರೆ ಸಾಕು. ತಲೆ ಬಿಟ್ಟು ಬಿದ್ದ ಹೇನು ಒಂದೆರಡು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ, ಹಾಗಾಗಿ ಹಾಸಿಗೆಗಳನ್ನೆಲ್ಲ ತಾರಸಿಗೆ ಹೊರಬೇಕಿಲ್ಲ.

ಕತ್ತಿನ ಹುಣ್ಣು ಕೀವಾಗಿದ್ದರೆ, ಕುತ್ತಿಗೆಯಲ್ಲಿ ಗಂಟು ಕೈಗೆ ಸಿಕ್ಕರೆ ಡಾಕ್ಟರಿಗೆ ತೋರಿಸಿ, ಅದಕ್ಕೆ ಬೇರೆ ಔಷಧಿ ಬೇಕಾಗುತ್ತದೆ.

ಪ್ರಶ್ನೆ: ಡೆಲಿವರಿ ಕೆಲಸ, ದಿನಪೂರ್ತಿ ಹೆಲ್ಮೆಟ್. ಸಂಜೆಗೆ ತಲೆ ಕಡಿತ ತಡೆಯೋಕಾಗಲ್ಲ, ಸಣ್ಣ ಗುಳ್ಳೆ ಬೇರೆ.
(ಆರ್., ಬನಶಂಕರಿ)

ಉತ್ತರ: ಹೆಲ್ಮೆಟ್ ತೆಗೆಯಿರಿ ಅಂತ ಯಾವ ಡಾಕ್ಟರೂ ಹೇಳುವುದಿಲ್ಲ. ಒಳಗೆ ತೆಳು ಹತ್ತಿ ಬಟ್ಟೆ ಕಟ್ಟಿಕೊಳ್ಳಿ, ಎರಡಿಟ್ಟುಕೊಂಡು ಮಧ್ಯಾಹ್ನ ಬದಲಾಯಿಸಿ. ಆರ್ಡರಿಗೆ ಕಾಯುವಾಗ ತೆಗೆದು ಗಾಳಿಯಾಡಲಿ. ಒಳಗಿನ ಸ್ಪಂಜು ಬಹುತೇಕ ಹೆಲ್ಮೆಟ್‌ಗಳಲ್ಲಿ ಕಳಚಿ ಬರುತ್ತದೆ, ವಾರಕ್ಕೊಮ್ಮೆ ಶಾಂಪೂ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ಒದ್ದೆ ತಲೆಗೆ ಹೆಲ್ಮೆಟ್ ಹಾಕಬೇಡಿ, ಎಣ್ಣೆ ಹಚ್ಚಿಕೊಂಡು ಹೊರಡಬೇಡಿ. ರಾತ್ರಿ ಮನೆಗೆ ಬಂದು ತಲೆ ತೊಳೆದರೆ ಏನೂ ಆಗುವುದಿಲ್ಲ, ಶೀತ ಬರುವುದು ವೈರಸ್ಸಿನಿಂದ. ಗುಳ್ಳೆ ನೋಯುತ್ತಿದ್ದರೆ, ಕೀವು ತುಂಬಿದರೆ ತೋರಿಸಿ. ಬೈಕ್ ಟ್ಯಾಕ್ಸಿಯಲ್ಲಿ ಹಿಂದೆ ಕೂರುವವರೂ ಓದಿಕೊಳ್ಳಿ: ಕೈಚೀಲದಲ್ಲಿ ನಿಮ್ಮದೇ ಒಂದು ಕರ್ಚೀಫು ಇರಲಿ.

ಪ್ರಶ್ನೆ: ನನಗೆ 58. ಇಪ್ಪತ್ತು ವರ್ಷದಿಂದ ಅದೇ ಪ್ಯಾಕೆಟ್ ಡೈ ಹಾಕುತ್ತಿದ್ದೇನೆ. ಈಗೀಗ ಹಾಕಿದ ಮರುದಿನ ತಲೆ ವಿಪರೀತ ಕಡಿತ, ಕಿವಿ ದಪ್ಪಗಾಗಿ ನೀರು ಸೋರುತ್ತದೆ. ಮಗಳ ಮದುವೆ ಹತ್ತಿರ ಬಂತು. ಅಮೋನಿಯಾ ಇಲ್ಲದ್ದು ಹಾಕಬಹುದೇ? ಕಪ್ಪು ಮೆಹಂದಿ?
(ಮಲ್ಲೇಶ್ವರದ ಓದುಗ)

ಉತ್ತರ: ಇಪ್ಪತ್ತು ವರ್ಷ ಏನೂ ಆಗಲಿಲ್ಲ ಎನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ ಸಾರ್. ಅಲರ್ಜಿ ಹೊಸದರ ಮೇಲೇ ಆಗಬೇಕೆಂದಿಲ್ಲ, ಹಳೆಯ ಸ್ನೇಹಿತನ ಮೇಲೂ ಒಂದು ದಿನ ತಿರುಗಿ ಬೀಳುತ್ತದೆ. ಕಪ್ಪು ಡೈಗಳಲ್ಲಿ ಸಾಮಾನ್ಯವಾಗಿ ಇರುವ ಪ್ಯಾರಾಫಿನೈಲೀನ್ ಡಯಮೀನ್, ನಾವು ಪಿಪಿಡಿ ಅನ್ನುತ್ತೇವೆ, ಇದಕ್ಕೆ ಮುಖ್ಯ ಕಾರಣ. ತಲೆಚರ್ಮ ದಪ್ಪ, ಅದಕ್ಕೇ ಊತ ಕಿವಿ, ಹಣೆ, ಕಣ್ಣುರೆಪ್ಪೆಗಳಲ್ಲಿ ಮೊದಲು ಕಾಣುತ್ತದೆ. ಒಮ್ಮೆ ಬಂದ ಮೇಲೆ ಈ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ, ಮುಂದಿನ ಸಲ ಇನ್ನೂ ಜೋರಾಗಿ ಬರಬಹುದು.

ಪ್ಯಾಕೆಟ್ ಮೇಲೆ 'ಅಮೋನಿಯಾ ಇಲ್ಲ' ಎಂದಿದ್ದರೆ ಅಮೋನಿಯಾ ಇಲ್ಲ, ಅಷ್ಟೇ. ಪಿಪಿಡಿ ಇರಬಹುದು. ಕಪ್ಪು ಮೆಹಂದಿ ಇನ್ನೂ ಮೋಸ: ಮೆಹಂದಿ ಸೊಪ್ಪಿನ ಬಣ್ಣ ಕೆಂಪು ಕಿತ್ತಳೆ, ಹಚ್ಚಿದ ಕೂಡಲೇ ಅಚ್ಚ ಕಪ್ಪಾದರೆ ಒಳಗೆ ಬೇರೆ ಏನೋ ಬೆರೆತಿದೆ, ಅನೇಕ ಸಲ ಅದು ಇದೇ ಪಿಪಿಡಿ.

ಈಗ ಸೋರುತ್ತಿರುವ ಕಿವಿಗೆ ಲೋಳೆಸರ, ಅರಿಶಿನ ಹಚ್ಚಬೇಡಿ. ಮೃದು ಶಾಂಪೂವಿನಿಂದ ಎರಡು ಮೂರು ಸಲ ತೊಳೆದು, ತಣ್ಣೀರಲ್ಲಿ ಅದ್ದಿದ ಬಟ್ಟೆ ಹತ್ತು ಹತ್ತು ನಿಮಿಷ ಇಟ್ಟು, ಡೈ ಪ್ಯಾಕೆಟಿನ ಹಿಂಭಾಗದ ಫೋಟೋ ಸಮೇತ ಚರ್ಮವೈದ್ಯರ ಹತ್ತಿರ ಹೋಗಿ. ಕಣ್ಣು ಮುಚ್ಚುವಷ್ಟು ಮುಖ ಊದಿದರೆ, ಉಸಿರು ಕಟ್ಟಿದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಹಲ್ಲು ಕೀಳಿಸುವಾಗಲೋ ಆಪರೇಷನ್ ಮುಂಚೆಯೋ ಈ ಅಲರ್ಜಿ ಇದೆ ಅಂತ ಹೇಳಿ. ಕೆಲವು ಮರಗಟ್ಟಿಸುವ ಔಷಧಿಗಳಿಗೂ ಇದಕ್ಕೂ ನಂಟಿದೆ.

ಮದುವೆಗೆ ಬಣ್ಣ ಬೇಕೇ ಬೇಕಾದರೆ, ಚರ್ಮ ಪೂರ್ತಿ ವಾಸಿಯಾದ ಮೇಲೆ ಬೆರಕೆ ಇಲ್ಲದ ಮೆಹಂದಿ ಪುಡಿ, ಅದರ ಮೇಲೆ ನೀಲಿ ಸೊಪ್ಪಿನ (ಇಂಡಿಗೊ) ಪುಡಿ ಹಚ್ಚಿದರೆ ಕಂದುಗಪ್ಪು ಬರುತ್ತದೆ. ಅದನ್ನೂ ಮೊದಲು ಮೊಣಕೈ ಒಳಭಾಗಕ್ಕೆ ಬಟ್ಟಿನಷ್ಟು ಹಚ್ಚಿ 48 ಗಂಟೆ ನೋಡಿ. ಕನ್ಯಾದಾನಕ್ಕೆ ಬಿಳಿ ಕೂದಲು ಅಡ್ಡಿಯಿಲ್ಲ ಅಂತ ನನ್ನ ಅಭಿಪ್ರಾಯ. ಫೋಟೋಗ್ರಾಫರ್ ಏನೆನ್ನುತ್ತಾನೋ ಗೊತ್ತಿಲ್ಲ.

ಪ್ರಶ್ನೆ: ಆರು ವರ್ಷದ ಮಗನ ತಲೆಯಲ್ಲಿ ರೂಪಾಯಿ ಅಗಲ ಎರಡು ಕಡೆ ಕೂದಲು ತುಂಡಾಗಿ ಸಿಪ್ಪೆ ಎದ್ದಿದೆ, ಕೆರೆಯುತ್ತಾನೆ. ಮೆಡಿಕಲ್ ಶಾಪಿನವರು ಒಂದು ಟ್ಯೂಬು ಕೊಟ್ಟರು.
(ಕೆ., ಪೀಣ್ಯ)

ಉತ್ತರ: ಟ್ಯೂಬು ನಿಲ್ಲಿಸಿ. ಇದು ತಲೆಯ ಹುಳಕಡ್ಡಿ ಇರುವ ಸಾಧ್ಯತೆ ಹೆಚ್ಚು. ಶಿಲೀಂಧ್ರ ಕೂದಲ ಬುಡದ ಒಳಗೇ ಇರುವುದರಿಂದ ಮುಲಾಮು ಅಲ್ಲಿಗೆ ಮುಟ್ಟುವುದಿಲ್ಲ, ಕೆಲವು ವಾರ ಹೊಟ್ಟೆಗೆ ಔಷಧಿ ಬೇಕು. ಅದನ್ನು ಮಗುವಿನ ತೂಕ ನೋಡಿ ಡಾಕ್ಟರೇ ಬರೆಯಬೇಕು. ಆ ಟ್ಯೂಬಿನಲ್ಲಿ ಕ್ಲೋಬೆಟಸಾಲ್, ಬೀಟಾಮೆಥಸೋನ್ ಎಂದು ಬರೆದಿದೆಯಾ ನೋಡಿ. ಅವು ಸ್ಟೀರಾಯ್ಡ್. ನವೆ ನಿಲ್ಲುತ್ತದೆ, ಒಳಗೆ ಕಾಯಿಲೆ ಹಬ್ಬುತ್ತದೆ. ಅವನ ಬಾಚಣಿಗೆ, ಟೋಪಿ, ಟವಲು ಬೇರೆ ಇಡಿ. ಮನೆಯಲ್ಲಿ ಬೆಕ್ಕಿನ ಮರಿ ಇದ್ದು ಅದರ ಮೈಯಲ್ಲೂ ಕೂದಲು ಉದುರಿದ ಜಾಗ ಕಂಡರೆ ಅದಕ್ಕೂ ಚಿಕಿತ್ಸೆ ಕೊಡಿಸಿ. ತಡ ಮಾಡಿದರೆ ಆ ಜಾಗದಲ್ಲಿ ಕೂದಲು ಮತ್ತೆ ಬರದೇ ಹೋಗಬಹುದು.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, 71 ವರ್ಷ. ಹೊಟ್ಟಿಲ್ಲ, ಹೇನಿಲ್ಲ, ಸೊಸೆ ಟಾರ್ಚ್ ಹಾಕಿ ನೋಡಿದಳು. ಆದರೂ ರಾತ್ರಿ ಮಲಗಿದರೆ ತಲೆ ನವೆ. ಎಲ್ಲ ಮನಸ್ಸಿನ ಭ್ರಮೆ ಅನ್ನುತ್ತಾರೆ. ಗಾಂಧಿಬಜಾರಿನ ಗ್ರಂಥಿಗೆ ಅಂಗಡಿಯಿಂದ ಏನಾದರೂ ತರಿಸಲೇ?
(ಹನುಮಂತನಗರ)

ಉತ್ತರ: ಭ್ರಮೆ ಅನ್ನುವವರ ಮಾತಿಗೆ ಕಿವಿಗೊಡಬೇಡಿ ಟೀಚರ್. ಕಣ್ಣಿಗೆ ಕಾಣದ ನವೆಗೂ ಕಾರಣ ಇರುತ್ತದೆ. ವಯಸ್ಸಾದಂತೆ ಚರ್ಮದ ಜಿಡ್ಡು ಕಮ್ಮಿಯಾಗಿ ಒಣಗುತ್ತದೆ, ರಾತ್ರಿ ಹೊತ್ತು ನವೆ ಜಾಸ್ತಿಯೇ. ತಲೆಗೆ ದಿನಾ ನೀರು ಹುಯ್ದುಕೊಳ್ಳುವ ಅಭ್ಯಾಸ ಇದ್ದರೆ ವಾರಕ್ಕೆರಡು ಮಾಡಿ, ಉಗುರು ಬೆಚ್ಚಗಿನ ನೀರಲ್ಲಿ. ಅಂಗಡಿಯಿಂದ ಸೀಗೆಕಾಯಿ ತರಿಸುವುದಾದರೆ ಪುಡಿಯನ್ನು ನೇರ ತಿಕ್ಕಬೇಡಿ, ಅದರ ನಾರು ಒಣ ಚರ್ಮವನ್ನು ಗೀರುತ್ತದೆ. ಕಾಯಿ ರಾತ್ರಿ ನೆನೆಸಿ, ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿದ ನೀರು ಮಾತ್ರ ಬಳಸಿ. ಸ್ನಾನದ ಮುಂಚೆ ಸ್ವಲ್ಪ ಕೊಬ್ಬರಿ ಎಣ್ಣೆ ನಿಮಗೆ ಒಳ್ಳೆಯದೇ. ನವೆ ಎದ್ದಾಗ ಕೆರೆಯುವ ಬದಲು ತಣ್ಣನೆಯ ಒದ್ದೆ ಬಟ್ಟೆ ಒತ್ತಿ.

ಇದನ್ನೆಲ್ಲ ಎರಡು ಮೂರು ವಾರ ಮಾಡಿಯೂ ತಗ್ಗದಿದ್ದರೆ ಸಕ್ಕರೆ, ಹಿಮೋಗ್ಲೋಬಿನ್ ಮತ್ತು ಕಬ್ಬಿಣಾಂಶ, ಥೈರಾಯ್ಡ್, ಕಿಡ್ನಿ, ಲಿವರ್ ರಕ್ತಪರೀಕ್ಷೆ ಮಾಡಿಸಿ. ಕತ್ತಿನ ಮೂಳೆ ಸವೆತ ಇದ್ದವರಲ್ಲಿ ನರದಿಂದಲೂ ತಲೆ ನವೆ ಬರುವುದುಂಟು. ನವೆ ಒಂದೇ ಪಕ್ಕಕ್ಕಿದ್ದು, ಉರಿ ಸೇರಿ, ಹಣೆಯಲ್ಲಿ ನೀರುಗುಳ್ಳೆ ಕಂಡರೆ ಸರ್ಪಸುತ್ತು ಇರಬಹುದು. 72 ಗಂಟೆಯೊಳಗೆ ಔಷಧಿ ಶುರುವಾದರೆ ಒಳ್ಳೆಯದು, ಕಣ್ಣಿನ ಹತ್ತಿರ ಬಂದರಂತೂ ಅದೇ ದಿನ ಹೋಗಿ. ಮತ್ತೆ, ಈ ನವೆ ಶುರುವಾಗುವ ಮುಂಚೆ ಹೊಸ ಮಾತ್ರೆ ಏನಾದರೂ ಶುರು ಮಾಡಿದ್ದಿರಾ? ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಡಾಕ್ಟರ ಹತ್ತಿರ ಹೋಗುವಾಗ ಮಾತ್ರೆಗಳ ಚೀಟಿಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ, ಆಯುರ್ವೇದದ್ದೂ ಸೇರಿ.